ಕಣ್ಣು ನಿಲ್ಲದ ದಿನಗಳು

ಆ ಮಧ್ಯಾಹ್ನ ನಾನು ಸಾಲಾಗಿ ಹನ್ನೊಂದು ಮೊಗ್ಗು ಕೆಡಿಸಿದೆ. ಹನ್ನೆರಡನೆಯದಕ್ಕೆ ಚಿಮಟ ಚಾಚಿದಾಗ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

"ಏನ್ ಮಾಡಾಕತ್ತೀದಿ ಗಿರಿಜಾ? ಗಿಡದ ಮ್ಯಾಲೆ ಏನರ ಸಿಟ್ಟೈತೇನು?"

ಸಿಟ್ಟಿರಲಿಲ್ಲ. ಮೊಗ್ಗು ನಿಲ್ಲುತ್ತಿರಲಿಲ್ಲ, ಅಷ್ಟೇ. ಗಾಳಿಯ ಸುಳಿವೂ ಇಲ್ಲ, ಒಂದು ಎಲೆಯೂ ಅಲುಗುತ್ತಿಲ್ಲ. ಆದರೂ ನಾನು ನೋಡುವ ಮೊಗ್ಗು ಎಡಕ್ಕೆ ಹಾರುತ್ತಿತ್ತು, ಮೇಲಕ್ಕೆ ಹಾರುತ್ತಿತ್ತು, ಚಿಮಟ ಮುಟ್ಟುವಷ್ಟರಲ್ಲಿ ಇನ್ನೆಲ್ಲೋ ಇರುತ್ತಿತ್ತು.

ನಮ್ಮೂರು ಮೇಡ್ಲೇರಿ. ಹೊಳೆಯ ನೀರಿರುವ ಹೊಲದಲ್ಲಿ ನೆಟ್ ಹೌಸ್ ಕಟ್ಟಿ, ಟೊಮ್ಯಾಟೊ ಹೈಬ್ರಿಡ್ ಬೀಜ ಬೆಳೆಯುತ್ತೇವೆ. ಈ ಕೆಲಸಕ್ಕೆ ನಮ್ಮ ಕಡೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಗುರುತಿಸಿ, ಎಸಳು ಬಿಡಿಸಿ, ಒಳಗಿನ ಹಳದಿ ಗಂಡುಭಾಗವನ್ನು ಚಿಮಟದಿಂದ ಕಿತ್ತು, ನಡುವಿನ ಹಸಿರು ಎಳೆಯೊಂದನ್ನು ಮಾತ್ರ ಉಳಿಸಬೇಕು. ಮರುದಿನ ಬೆಳಿಗ್ಗೆ ಆ ಎಳೆಯ ತುದಿಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಎಳೆ ದಾರದಷ್ಟು ತೆಳು. ಅದು ಮುರಿದರೆ ಕಾಯಿಲ್ಲ. ಗಂಡುಭಾಗ ಒಂದಿಷ್ಟು ಉಳಿದರೆ ಬೀಜವೇ ಕೆಟ್ಟಿತು. ಮದುವೆಯಾಗಿ ಬಂದ ವರ್ಷ ಇದನ್ನು ನನಗೆ ಕಲಿಸಿದವರು ಅತ್ತೆ ನೀಲವ್ವ. ಹದಿನಾರು ವರ್ಷ ಮಾಡಿದ್ದೆ. ಪಕ್ಕದ ಸಾಲಿನವಳ ಜೊತೆ ಮಾತಾಡುತ್ತ, ನಗುತ್ತ ಮಾಡುತ್ತಿದ್ದೆ.

"ಮಬ್ಬ ಬಂದಿರಬೇಕು. ಮೊನ್ನೆರ ಜ್ವರ ಬಿಟ್ಟೈತಿ. ಹೋಗಿ ನೀರ ಕುಡದ ಕುಂದ್ರು," ಎಂದರು ಅತ್ತೆ.

ಹೊರಡಲು ಎದ್ದೆ. ಗಿಡಕ್ಕೆ ಆಸರೆ ಕಟ್ಟಿದ್ದ ಹಗ್ಗ ಒಂದಿತ್ತು. ನನಗೆ ಮೂರು ಕಂಡವು. ನಾನು ದಾಟಿದ್ದು ಇಲ್ಲದ ಹಗ್ಗವನ್ನು. ಇದ್ದದ್ದು ಕಾಲಿಗೆ ಸಿಕ್ಕಿ ಬಿದ್ದೆ.

ನಾನು ಪಿಯುಸಿವರೆಗೆ ಓದಿದವಳು. ಬರೆಯುವ ರೂಢಿಯಿಲ್ಲ. ಆದರೆ ಹೋದ ಸಲ ಹುಬ್ಬಳ್ಳಿಯ ಡಾಕ್ಟರು, "ನಿಮ್ಮಂಗ ಇನ್ನೊಬ್ರು ಬಂದ್ರ ಅವ್ರಿಗೆ ನಾನು ಏನ್ ಹೇಳ್ಲಿ ಗಿರಿಜಾ?" ಎಂದು ಕೇಳಿದರು.  ಮನೆಗೆ ಬಂದ ಮೇಲೆ ಹೇಳುವುದು ಬಹಳ ಇದೆ ಅನ್ನಿಸಿತು. ದಿನಕ್ಕೆ ಅರ್ಧ ಪುಟದಂತೆ ಬರೆಯುತ್ತಿದ್ದೇನೆ. ಅದಕ್ಕಿಂತ ಹೆಚ್ಚಿಗೆ ಬರೆದರೆ ಸಾಲುಗಳು ಇನ್ನೂ ಅಲುಗುತ್ತವೆ.

ಬಿದ್ದ ದಿನ ಸಂಜೆಗೆ ಮನೆಯೇ ಅಲುಗತೊಡಗಿತು. ಗೋಡೆಯ ಕ್ಯಾಲೆಂಡರು, ಕಟ್ಟೆಯ ಮೇಲಿನ ಕೊಡ, ಮಗಳು ಸಹನಾಳ ಮುಖ, ಯಾವುದೂ ಒಂದು ಕಡೆ ಕೂರಲಿಲ್ಲ. ತಿರುಗುತ್ತಿದ್ದರೆ ತಲೆಸುತ್ತು ಎನ್ನಬಹುದಿತ್ತು. ಇದು ತಿರುಗುತ್ತಿರಲಿಲ್ಲ. ಜೋಳ ಹುರಿಯುವಾಗ ಬಾಣಲೆಯೊಳಗೆ ಕಾಳು ಸಿಡಿಯುತ್ತವಲ್ಲ, ಹಾಗೆ ಕಂಡದ್ದೆಲ್ಲ ದಿಕ್ಕಾಪಾಲಾಗಿ ಸಿಡಿಯುತ್ತಿತ್ತು. ಕಣ್ಣು ಮುಚ್ಚಿದರೆ ಸಮಾಧಾನ. ಆದರೆ ರೆಪ್ಪೆಯ ಕೆಳಗೆ ಏನೋ ಪಟಪಟ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಉಂಡದ್ದು ನಿಲ್ಲಲಿಲ್ಲ. ಮೂರು ಸಲ ವಾಂತಿಯಾಯಿತು.

ಮರುದಿನ ನಮ್ಮ ಮನೆಯವರು ರಾಣೆಬೆನ್ನೂರಿಗೆ ಕರೆದುಕೊಂಡು ಹೋದರು. ಒಬ್ಬ ಡಾಕ್ಟರು ಕಿವಿಯ ದೋಷದಿಂದ ಹೀಗಾಗುತ್ತದೆ ಎಂದು ತಲೆಸುತ್ತಿನ ಗುಳಿಗೆ ಕೊಟ್ಟರು. ಕಣ್ಣಿನ ನಂಬರೂ ನೋಡಿಸಿಬಿಡೋಣ ಎಂದು ಚಾಳೀಸಿನ ಅಂಗಡಿಗೆ ಹೋದೆವು. ಗೋಡೆಯ ಮೇಲೆ ಅಕ್ಷರಗಳ ಹಲಗೆ. ಅಂಗಡಿಯವರು ಎಲ್ಲಕ್ಕಿಂತ ದೊಡ್ಡ ಅಕ್ಷರದ ಮೇಲೆ ಕೋಲಿಟ್ಟು ಕೇಳಿದರು.

"ಇದು ಯಾವ ಅಕ್ಷರರೀ ಅಕ್ಕಾರ?"

"ಒಂದ ಕಡೆ ನಿಂತ್ರ ಹೇಳತೇನ್ರಿ," ಅಂದೆ.

ಅವರು ಹತ್ತಿರ ಬಂದು ನನ್ನ ಮುಖ ನೋಡಿದರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಇದು ನಂಬರಿನ ಕೆಲ್ಸ ಅಲ್ರಿ. ದೊಡ್ಡ ದವಾಖಾನಿಗೆ ತೋರಸ್ರಿ," ಅಂದರು. ಅವರು ನನ್ನ ಮುಖದಲ್ಲಿ ಏನು ಕಂಡರು ಎಂದು ಬಸ್ಸಿನಲ್ಲಿ ಕೇಳಿದೆ. "ಏನಿಲ್ಲ, ನಿನಗ ನಿದ್ದಿ ಇಲ್ಲ, ಅದಕ್ಕ ಹಂಗಂದ್ರು," ಎಂದು ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿದರು.

ಮುಂದಿನ ಎರಡು ದಿನ ಗುಳಿಗೆ ನುಂಗಿದೆ, ಗೋಡೆ ಹಿಡಿದು ಓಡಾಡಿದೆ. ಮೂರನೆಯ ದಿನ ಬ್ಯಾಡಗಿಯಲ್ಲಿ ನನ್ನ ಅಕ್ಕ ರೇಣುಕಾಳ ಮಗಳು ಪೂಜಾಳ ಕುಬಸದ ಕಾರ್ಯ. ಚೊಚ್ಚಲ ಬಸುರಿ. ನಮ್ಮ ಮನೆಯವರು ಬೇಡವೆಂದರು. ನಾನು ಹಟ ಮಾಡಿದೆ. ಅವಳನ್ನು ಎತ್ತಿ ಆಡಿಸಿದವಳು ನಾನು. ಸೀರೆ ಕೂಡ ತೆಗೆದಿಟ್ಟಿದ್ದೆ. ಪರಿಚಯದವರ ಕಾರು ತೆಗೆದುಕೊಂಡು ನಾನು, ಅತ್ತೆ, ನಮ್ಮ ಮನೆಯವರು ಹೊರಟೆವು. ಮೆಣಸಿನಕಾಯಿ ಯಾರ್ಡಿನ ಹತ್ತಿರ ಬರುತ್ತಲೇ ಎಲ್ಲರಿಗೂ ಕೆಮ್ಮು. ಕಣ್ಣು ಮುಚ್ಚಿಕೊಂಡೇ ಇದ್ದ ನನಗೆ ಊರು ಬಂದದ್ದು ಗೊತ್ತಾದದ್ದು ಹಾಗೆ.

ಅಕ್ಕ ಬಾಗಿಲಿಗೆ ಬಂದು, ನಗುತ್ತ ಏನೋ ಹೇಳಹೊರಟವಳು ನಿಲ್ಲಿಸಿದಳು. ನನ್ನ ಗದ್ದ ಹಿಡಿದಳು.

"ಗಿರಿಜಾ, ನನ್ನ ನೋಡು."

"ನೋಡಾಕತ್ತೀನಲ್ಲ."

"ಇಲ್ಲ, ನೆಟ್ಟಗ ನೋಡು. ಅಯ್ಯ ನನ್ನವ್ವಾ! ನಿನ್ನ ಕಣ್ಣು ಯಾಕ ಹಿಂಗ ಕುಣ್ಯಾಕತ್ತಾವು? ಗುಡ್ಡಿ ಒಂದ ಕಡೆ ನಿಲ್ಲವಲ್ವು!"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ದಿನ ನಾನು ಲೋಕ ಅಲುಗುತ್ತಿದೆ ಅಂದುಕೊಂಡಿದ್ದೆ. ಅಲುಗುತ್ತಿದ್ದದ್ದು ನನ್ನ ಕಣ್ಣು. ಕನ್ನಡಿಯಲ್ಲಿ ನೋಡಿಕೊಂಡಿದ್ದೆನಲ್ಲ? ನೋಡಿದ್ದೆ, ಕನ್ನಡಿಯೊಳಗೆ ಕಂಡದ್ದೂ ಬರೀ ಕಲಸಿದ ಮುಖ. ನಮ್ಮ ಮನೆಯವರ ಕಡೆ ತಿರುಗಿದೆ.

"ನಿಮಗ ಗೊತ್ತಿತ್ತೇನ್ರಿ?"

ಅವರು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು.

"ಗೊತ್ತಿತ್ತೇನು?"

"ಮೊದಲ ದಿನಾನ ಕಂಡಿತ್ತು. ಹೇಳಿದ್ರ ಹೆದರತೀ ಅಂತ ಸುಮ್ನಿದ್ದೆ. ಅವ್ವಗೂ ಹೇಳಬ್ಯಾಡ ಅಂದಿದ್ದೆ."

ಅತ್ತೆಗೂ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಚಾಳೀಸಿನ ಅಂಗಡಿಯವರಿಗೂ ಗೊತ್ತಾಗಿತ್ತು. ನನ್ನ ಕಣ್ಣಿನ ಸುದ್ದಿ ತಿಳಿಯದೆ ಇದ್ದವಳು ನಾನೊಬ್ಬಳೇ. ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಅಲ್ಲೇ, ಅಕ್ಕನ ಬಾಗಿಲಲ್ಲೇ, ಬಂದ ಮಂದಿಯ ಎದುರಿಗೇ ಗಂಡನನ್ನು ಬೈದೆ. ಹಿಂದೆಂದೂ ಹಾಗೆ ಬೈದವಳಲ್ಲ.

ಒಳಗೆ ಹೆಂಗಸರು ತುಂಬಿದ್ದರು. ಆರತಿಗೆ ಕರೆಯುವ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಹೇಳಿದರು. "ಬಸುರಿ ಹೆಣ್ಮಗಳ ಮ್ಯಾಲೆ ಆ ಕಣ್ಣು ಬೀಳೂದು ಬ್ಯಾಡವಾ." ಅಕ್ಕ ಅಳುಮುಖ ಮಾಡಿಕೊಂಡು ನನ್ನನ್ನು ಒಳಕೋಣೆಗೆ ಕರೆದೊಯ್ದು, "ಒಂದೀಟ ಮಲಕ್ಕೊ ನನ್ನವ್ವಾ," ಅಂದಳು. ಮಲಗಲಾಗದೆ ಮಂಚದ ಮೇಲೆ ಕೂತೆ. ಹೊರಗೆ ಹಾಡು, ಬಳೆಗಳ ಸದ್ದು. ನನ್ನ ಮಡಿಲಲ್ಲಿ ನಾನು ಒಯ್ದ ಸೀರೆಯ ಚೀಲ ಹಾಗೇ ಇತ್ತು.

ಕಾರ್ಯ ಮುಗಿದ ಮೇಲೆ ಬಾಗಿಲು ತೆರೆಯಿತು. ಪೂಜಾ ಬಂದಳು. ಹಸಿರು ಬಳೆ, ಮುಡಿತುಂಬ ಹೂವು, ಕೈಯಲ್ಲಿ ಹೋಳಿಗೆಯ ತಾಟು. ನನ್ನ ಎದುರಿಗೇ, ಮಂಚದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಚಿಗವ್ವಾ, ಸೀರಿ ತೋರಸಲ್ಲ?"

"ಹೊರಗ ಹೋಗು ಪೂಜಾ. ಹಿರ್ಯಾರು ಬೈತಾರು."

"ಬೈಲಿ. ನೀ ಉಣ್ಣು. ನೀ ಉಂಡ ಮ್ಯಾಲೆ ನಾ ಏಳಾಕಿ."

ತುತ್ತು ಬಾಯಿಗಿಟ್ಟವಳೂ ಅವಳೇ. ನನ್ನ ಕೈಗೆ ಬಾಯಿ ಸಿಗುತ್ತಿರಲಿಲ್ಲ. ಆ ವರ್ಷ ನನಗೆ ಸಿಕ್ಕ ಔಷಧಿಗಳನ್ನೆಲ್ಲ ಬರೆಯುವುದಾದರೆ ಮೊದಲು ಆ ಹೋಳಿಗೆಯನ್ನು ಬರೆಯಬೇಕು.

ವಾಪಸಾಗುವಾಗ ಅತ್ತೆ ಕದರಮಂಡಲಗಿಯಲ್ಲಿ ಕಾರು ನಿಲ್ಲಿಸಿದರು. ಹನುಮಪ್ಪನ ಎದುರಿಗೆ ನಿಲ್ಲಿಸಿ, "ಕಣ್ಣು ತುಂಬ ನೋಡು, ಬೇಡಿಕೊ," ಅಂದರು. ನೋಡಿದೆ. ಚಿಕ್ಕಂದಿನಿಂದ ನೋಡಿದ ಮುಖ. ಆ ದೇವರ ಕಣ್ಣಿನಲ್ಲಿ ಒಂದು ಬೆಳಕಿದೆ, ನೋಡುತ್ತ ನಿಂತರೆ ಮನಸ್ಸು ನಿಲ್ಲುತ್ತದೆ ಎನ್ನುತ್ತಿದ್ದೆವು. ಆ ದಿನ ದೇವರೂ ನಿಲ್ಲಲಿಲ್ಲ. ಬೆಳಕು ಗರ್ಭಗುಡಿಯ ತುಂಬ ಸಿಡಿಯಿತು. ಕಾಲುಗಳು ತಮ್ಮಷ್ಟಕ್ಕೆ ಝಾಡಿಸಿದವು, ನಾನು ಕುಸಿದೆ. ಸಾಲಿನಲ್ಲಿ ನಿಂತಿದ್ದ ಯಾರೋ, "ಕುಡದಾಳೇನ?" ಎಂದದ್ದು ಕೇಳಿಸಿತು.

ಅತ್ತೆ ಆ ಮನುಷ್ಯನ ಕಡೆ ಒಮ್ಮೆ ನೋಡಿದರು. ಆಮೇಲೆ ಮಗನಿಗೆ ಹೇಳಿದರು. "ಚಂದ್ರೂ, ಮನಿಗೆ ಬ್ಯಾಡ. ಗಾಡಿ ಹಾವೇರಿಗೆ ತಿರುಗಸು. ದೇವ್ರು ನೋಡಿದ, ಇನ್ನ ಡಾಕ್ಟ್ರು ನೋಡ್ಲಿ."

ಹಾವೇರಿಯಲ್ಲಿ ಒಬ್ಬ ಹಿರಿಯ ಡಾಕ್ಟರ ದವಾಖಾನೆ. ಬೆಂಚಿನ ತುಂಬ ಮಂದಿ. ನಾನು ಕೂತ ಬೆಂಚಿನಿಂದ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಆಚೆ ಹೋದಳು. ಈಗ ಕಾರಣ ಗೊತ್ತಿತ್ತಲ್ಲ, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ನಮ್ಮ ಸರದಿ ಬಂದಾಗ ಡಾಕ್ಟರು ಎರಡು ಬೆರಳು ಎತ್ತಿ, "ಇದನ್ನ ನೋಡವಾ, ಈಗ ಇದನ್ನ," ಎಂದು ಆಚೆ ಈಚೆ ತೋರಿಸಿದರು. ಪ್ರತಿ ಸಲವೂ ಬೆರಳು ತುಂಡು ತುಂಡಾಗಿ ಚೆದುರಿತು. ಅವರು ಬೆರಳು ಇಳಿಸಿದರು. 

"ಕಣ್ಣಿಗೇನೂ ಆಗಿಲ್ಲವಾ," ಅಂದರು ಕೊನೆಗೆ. "ಕಣ್ಣಿಗೆ ಹುಕುಂ ಕೊಡೂ ಜಾಗಾದಾಗ ಗದ್ದಲ ಆಗೇತಿ. ಮೆದುಳಿಂದು. ಇಂಥಾದ್ದು ನಾ ಇಷ್ಟು ವರ್ಷದಾಗ ಒಮ್ಮೆ ನೋಡೀನಿ." ನಮ್ಮ ಮನೆಯವರಿಗೆ ಮೊಬೈಲಿನಲ್ಲಿ ನನ್ನ ಕಣ್ಣಿನ ವಿಡಿಯೊ ತೆಗೆಯಲು ಹೇಳಿ, ಅದನ್ನು ಹುಬ್ಬಳ್ಳಿಯ ಡಾಕ್ಟರೊಬ್ಬರಿಗೆ ಅಲ್ಲಿಂದಲೇ ಕಳಿಸಿದರು. "ಇವತ್ತ ಹೋಗ್ರಿ. ನಾಳೆ ಅನಬ್ಯಾಡ್ರಿ."

ಫೀಸು ತೆಗೆದುಕೊಳ್ಳಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹುಬ್ಬಳ್ಳಿಯ ನರರೋಗದ ಡಾಕ್ಟರು ಹೆಂಗಸು, ನನ್ನದೇ ವಯಸ್ಸು ಇರಬಹುದು. ಮೊದಲ ಮಾತಿಗೇ ಅವರು, "ನಿಮಗ ಹುಚ್ಚು ಹಿಡದಿಲ್ಲ, ಮೊದಲ ಅದು ತಿಳ್ಕೋರಿ," ಅಂದರು. ಆ ಮಾತು ನನಗೆ ಬೇಕಿತ್ತು ಎಂದು ಅವರಿಗೆ ಹೇಗೆ ಗೊತ್ತಾಯಿತೋ.

"ಕಣ್ಣು ಒಂದ ಕಡೆ ನೆಟ್ಟಗ ನೋಡತಾವು ಅಂತ ನಾವು ತಿಳಕೊಂಡೀವಿ," ಎಂದು ಅವರು ಅತ್ತೆಗೆ ಹೇಳುತ್ತಿದ್ದರು. "ಹಂಗಿಲ್ರಿ ಅವ್ವಾರ. ಎಲ್ಲಾರ ಕಣ್ಣೂ ದಿನಾ ಪೂರ್ತಿ ಜಿಗೀತಾನ ಇರ್ತಾವು. ಜಿಗೀತಾವು, ಒಂದ ಕ್ಷಣ ಕುಂದರತಾವು, ಮತ್ತ ಜಿಗೀತಾವು. ಜಿಗಿಯೂ ಹೊತ್ತಿಗೆ ಕಂಡದ್ದನ್ನ ಮೆದುಳು ನಮಗ ತೋರಸೂದಿಲ್ಲ. ಅದಕ್ಕ ಎಲ್ಲಾ ನಿಂತಂಗ ಕಾಣತೈತಿ."

ಅತ್ತೆ ನಂಬಲಿಲ್ಲ. ಡಾಕ್ಟರು ಡ್ರಾದಿಂದ ಸಣ್ಣ ಕನ್ನಡಿ ತೆಗೆದು ನಮ್ಮ ಮನೆಯವರ ಕೈಗೆ ಕೊಟ್ಟರು. "ಮೊದಲ ನಿಮ್ಮ ಎಡಗಣ್ಣು ನೋಡ್ರಿ. ಈಗ ಬಲಗಣ್ಣು. ಕಣ್ಣು ಸರಿದದ್ದು ಕಂಡ್ತೇನು?"

"ಇಲ್ರಿ."

"ಅವ್ವಾರ, ನಿಮಗ ಕಂಡ್ತೇನು, ಅವ್ರ ಕಣ್ಣು ಸರಿದದ್ದು?"

"ಕಂಡ್ತಲ್ಲ! ಟಣ್ಣಂತ ಹಾರ್ತು," ಎಂದರು ಅತ್ತೆ.

"ನೋಡ್ರಿ. ಮಂದಿಗೆ ಕಾಣತೈತಿ, ನಮಗ ಕಾಣೂದಿಲ್ಲ. ಹಂಗ ಜಿಗಿಯೂ ಕಣ್ಣಿಗೆ 'ಈಗ ಬ್ಯಾಡ, ಕುಂದ್ರು' ಅನ್ನೂ ಒಂದ ಹಿಡಿತ ಮೆದುಳಿನಾಗ ಐತಿ. ಇವ್ರದು ಆ ಹಿಡಿತ ತಪ್ಪೇತಿ. ಒಂದರ ಬೆನ್ನಿಗೆ ಒಂದು ಜಿಗತ. ಅಷ್ಟಕ್ಕೂ ಪರದೆ ಹಾಕಾಕ ಮೆದುಳಿಗೂ ಆಗವಲ್ದು."

ಕಾಯಿಲೆಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಬರೆದುಕೊಟ್ಟರು. ಓದಲು ಆಗಲಿಲ್ಲ.

ತಲೆಯ ಸ್ಕ್ಯಾನಿಗೆ ಕರೆದೊಯ್ದರು. ಅಲುಗಬೇಡಿ ಎಂದರು. ಅಲುಗದೆ ಇರುವುದೇ ಬಾರದೆ ಬಂದವಳಿಗೆ ಅಲುಗಬೇಡ ಎಂದರೆ ಏನು ಮಾಡಲಿ? ಕೊಳವೆಯೊಳಗೆ ಭುಜ ಝಾಡಿಸಿತು, ತೊಡೆ ಝಾಡಿಸಿತು. ಎರಡು ಸಲ ಹೊರತೆಗೆದರು. ಮೂರನೆಯ ಸಲ ಸೂಜಿ ಚುಚ್ಚಿ ಮಲಗಿಸಿದರು. ಎದ್ದಾಗ ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಇನ್ನಷ್ಟು ರಕ್ತ ತೆಗೆದರು, ಎದೆ, ಹೊಟ್ಟೆ ಎಲ್ಲ ಸ್ಕ್ಯಾನ್ ಮಾಡಬೇಕೆಂದರು. ಕಣ್ಣಿನ ಕಾಯಿಲೆಗೆ ಎದೆ, ಹೊಟ್ಟೆ ಯಾಕೆ ಎಂದು ನರ್ಸನ್ನು ಕೇಳಿದೆ. "ಡಾಕ್ಟರ್ ಹೇಳ್ತಾರ್ರಿ," ಎಂದಳು.

ಡಾಕ್ಟರು ನಮ್ಮ ಮನೆಯವರನ್ನು ಮಾತ್ರ ಹೊರಗೆ ಕರೆದು ಮಾತಾಡಿದರು. ಅವರು ವಾಪಸು ಬಂದು ಮಂಚದ ಪಕ್ಕ ಕೂತರು. ಅವರ ಮುಖ ನನಗೆ ಕಾಣುವಂತಿರಲಿಲ್ಲ, ಉಸಿರು ಕೇಳಿಸುತ್ತಿತ್ತು.

"ಮತ್ತ ಮುಚ್ಚಿಡಬ್ಯಾಡ್ರಿ," ಅಂದೆ.

ಅವರು ನನ್ನ ಕೈ ತೆಗೆದುಕೊಂಡು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡರು.

"ಹೇಳತೇನಿ. ಮೊನ್ನಿನ ಜ್ವರದಿಂದ ಆಗಿದ್ರ ಇದು ಹೋಗತೈತಂತ. ಆದ್ರ ಒಮ್ಮೊಮ್ಮೆ ಮೈಯಾಗ ಎಲ್ಲೆರ ಕ್ಯಾನ್ಸರ್ ಗಂಟು ಇದ್ರೂ ಮೊದಲ ಕಣ್ಣು ಹಿಂಗ ಆಗತಾವಂತ. ಅದನ್ನ ಹುಡುಕಾಕತ್ತಾರು. ಐತಿ ಅಂದಿಲ್ಲ, ಇಲ್ಲ ಅಂತಾನೂ ಅಂದಿಲ್ಲ. ಅವ್ರು ಹೇಳಿದ್ದು ಇಷ್ಟ. ಇದರಾಗ ಒಂದ ಮಾತೂ ಬಿಟ್ಟಿಲ್ಲ, ಗಿರಿಜಾ."

 ಬ್ಯಾಡಗಿಯ ಬಾಗಿಲಲ್ಲಿ ಬೈದದ್ದಕ್ಕೆ ಆಗ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಬಾಯಿಬಿಟ್ಟು ಕೇಳಿದ್ದು ಎಷ್ಟೋ ದಿನಗಳ ಮೇಲೆ.

ವರದಿ ಬರಲು ಎರಡು ದಿನ. ಆ ಎರಡು ದಿನಗಳ ಬಗ್ಗೆ ಏನು ಬರೆಯಲಿ? ಒಂದು ಮಗ್ಗುಲಿಗೆ ಐದು ನಿಮಿಷ ಇರಲಾಗುತ್ತಿರಲಿಲ್ಲ. ಕಣ್ಣು ಬಿಟ್ಟರೆ ಲೋಕ ಸಿಡಿಯುತ್ತದೆ, ಮುಚ್ಚಿದರೆ ಆ ಗಂಟು ಎಲ್ಲಿರಬಹುದು ಎಂದು ಮನಸ್ಸು ಮೈಯೆಲ್ಲ ತಡಕಾಡುತ್ತದೆ. ಸಹನಾ ಒಂಬತ್ತನೇ ಕ್ಲಾಸು. ಅವಳಿಗೆ ತಲೆ ಬಾಚಿ ಕೊಡುವುದು ಬಿಟ್ಟು ಎರಡು ವರ್ಷವಾಗಿತ್ತು, ಅವಳೇ ಬೇಡವೆಂದಿದ್ದಳು. ಒಮ್ಮೆ ಬಾಚಬೇಕು ಅನ್ನಿಸಿತು. ಅದೊಂದೇ ಆಸೆ ತಲೆಯಲ್ಲಿ ಸುತ್ತುತ್ತಿತ್ತು.

ಅತ್ತೆ ಮಾತ್ರ ವಾರ್ಡಿನ ತುಂಬ ಓಡಾಡಿ ಎಲ್ಲರ ಕಾಯಿಲೆ ವಿಚಾರಿಸಿಕೊಂಡು ಬರುತ್ತಿದ್ದರು. "ಆ ಮೂಲ್ಯಾಗಿನಾಕಿಗೆ ಬಾಯಿ ಸೊಟ್ಟ ಆಗೇತಿ, ನಿನಗಿಂತ ಸಣ್ಣಾಕಿ. ಈಕಿ ಗದಗಿನಾಕಿ, ಮಾತ ಹೋಗಿದ್ದು, ನಿನ್ನೆ ಮಗನ್ನ ಹೆಸರ ಹಿಡದ ಕರದ್ಲಂತ." ಒಂದೊಂದು ಸುದ್ದಿಯನ್ನೂ ತಂದು ನನ್ನ ಮುಂದೆ ಇಡುತ್ತಿದ್ದರು. ನಾನು ರೇಗಿದೆ. "ಸಾಕ್ರೀ ಅತ್ತಿ, ನನ್ನದ ನನಗ ಸಾಕಾಗೇತಿ." ಅವರು ಬೇಸರಿಸಿಕೊಳ್ಳಲಿಲ್ಲ. "ನಿನ್ನ ಒಬ್ಬಾಕೀಗೆ ಅಂತ ತಿಳಕೋಬ್ಯಾಡ ಅಂತ ಹೇಳಿದೆ, ಅಷ್ಟ," ಎಂದು ಸೆರಗಿನಿಂದ ನನ್ನ ಬೆವರು ಒರೆಸಿದರು.

ಗಂಟು ಸಿಗಲಿಲ್ಲ. ಡಾಕ್ಟರು ಹೇಳಿದ ಮಾತು, "ಸದ್ಯಕ್ಕ ಏನೂ ಕಾಣವಲ್ದು." ನಮ್ಮ ಮನೆಯವರು 'ಕಾಣವಲ್ದು' ಹಿಡಿದುಕೊಂಡು ಅತ್ತರು. ನನಗೆ 'ಸದ್ಯಕ್ಕ' ಕೇಳಿಸಿತು. ಒಂದೇ ಮಾತು, ಇಬ್ಬರೂ ಅರ್ಧರ್ಧ ತೆಗೆದುಕೊಂಡೆವು. ಎರಡು ವರ್ಷ ಆರಾರು ತಿಂಗಳಿಗೊಮ್ಮೆ ಮತ್ತೆ ಹುಡುಕಬೇಕು, ಆಮೇಲೂ ಏನೂ ಸಿಗದಿದ್ದರೆ ಜ್ವರದ್ದೇ ಕೆಲಸ ಎಂದುಕೊಳ್ಳಬಹುದು ಎಂದರು.

ಸ್ಟಿರಾಯ್ಡ್ ಶುರುವಾಯಿತು. ಅದರ ಜೊತೆ ಐದು ದಿನ ಕೈಯ ನರಕ್ಕೆ ಬಾಟಲಿ. ಮೂರು ದಿನ ಏನೂ ಬದಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಬಗ್ಗಿ ನನಗೆ ಚಹಾ ಕುಡಿಸುತ್ತಿದ್ದರು. ಅವರ ಗದ್ದದ ಮೇಲೆ ಒಂದು ಕಪ್ಪು ಮಚ್ಚೆಯಿದೆ, ಅದರಲ್ಲೊಂದು ಬಿಳಿ ಕೂದಲು. ಅದು ನಿಂತಿತು. ಮಚ್ಚೆ, ಕೂದಲು, ಗದ್ದ, ಚಹಾದ ಹಬೆ, ಅದರ ಹಿಂದೆ ಅವರ ಕಣ್ಣು, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಮತ್ತೆ ಚೆದುರಿತು.

"ಅತ್ತೀ, ನಿಂತಿತ್ರಿ! ನೀವು ನಿಂತಿದ್ರಿ!"

"ನಾ ಆವಾಗಿಂದ ನಿಂತ ಅದೇನಿ. ಚಾ ಚೆಲ್ಲಬ್ಯಾಡ, ಕುಡಿ," ಅಂದರು. ಆಮೇಲೆ ಲೋಟ ಕೆಳಗಿಟ್ಟು, ನಾನು ಏನು ಹೇಳಿದೆ ಎಂದು ಇನ್ನೊಮ್ಮೆ ಕೇಳಿದರು. ಹೇಳಿದೆ. ಅವರು ಕಾರಿಡಾರಿಗೆ ಹೋಗಿ ಮಗನನ್ನು ಎಂಥ ದನಿಯಲ್ಲಿ ಕೂಗಿದರೆಂದರೆ ನರ್ಸ್ ಓಡಿಬಂದಳು.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲು ಆಗುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಲೋಕ ನಿಲ್ಲುತ್ತಿತ್ತು. ಗುಳಿಗೆಗಳು ಮಾತ್ರ ನನ್ನನ್ನು ನಿಲ್ಲಗೊಡುತ್ತಿರಲಿಲ್ಲ. ಮುಖ ಬೋಗುಣಿಯಂತೆ ಊದಿತು. ಹಸಿವೆಂದರೆ ಹಸಿವು, ರೊಟ್ಟಿಯ ಬುಟ್ಟಿಯ ಹತ್ತಿರವೇ ಸುಳಿಯುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ಗೋಡೆ ಹಿಡಿದು ಪಡಸಾಲೆಯ ಉದ್ದಕ್ಕೂ ಹೋಗಿ ಬರಬೇಕು. ಕಾರಣವಿಲ್ಲದೆ ಸಿಟ್ಟು. ಸಹನಾ ಶಾಲೆಯ ಪಾಠ ಗಟ್ಟಿಯಾಗಿ ಓದುತ್ತ ಕೂತರೆ ಕೇಳುವುದು ನನಗೆ ಹಿತವಾಗುತ್ತಿತ್ತು. ಒಂದು ದಿನ ಅವಳು ಒಂದು ಸಾಲು ತಪ್ಪಿ ಓದಿದಳು. ಅಷ್ಟಕ್ಕೇ ಪುಸ್ತಕ ಕಿತ್ತು ಎಸೆದೆ. ಅವಳು ಅಳಲಿಲ್ಲ. ಪುಸ್ತಕ ಎತ್ತಿಕೊಂಡು ಬಂದು, "ಇದು ಗುಳಿಗಿ ಮಾತಾಡಾಕತ್ತೈತಿ, ನೀ ಅಲ್ಲ," ಎಂದು ಬಿಟ್ಟ ಸಾಲಿನಿಂದ ಮತ್ತೆ ಓದಿದಳು. ಅದಾದ ಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದೆ. ಬೈತಲೆ ಸೊಟ್ಟಗಾಯಿತು. ಹಾಗೆಯೇ ಶಾಲೆಗೆ ಹೋದಳು.

ನಾಲ್ಕು ತಿಂಗಳಾದ ಮೇಲೆ, ಮೊಬೈಲಿನ ಪರದೆ ನೋಡುವಷ್ಟು ಕಣ್ಣು ನಿಂತಾಗ, ಹಾವೇರಿಯಲ್ಲಿ ತೆಗೆದ ವಿಡಿಯೊ ತೋರಿಸಿ ಎಂದೆ. ನಮ್ಮ ಮನೆಯವರು ಬೇಡವೆನ್ನಲಿಲ್ಲ. ಪರದೆಯಲ್ಲಿ ಒಬ್ಬ ಹೆಂಗಸಿನ ಮುಖ. ಅವಳ ಕಣ್ಣಿನ ಗುಡ್ಡೆಗಳು ಎಡಕ್ಕೆ, ಮೇಲಕ್ಕೆ, ಓರೆಗೆ, ಕೆಳಕ್ಕೆ ಹುಚ್ಚು ಹಿಡಿದಂತೆ ಹಾರುತ್ತಿವೆ. ಬಾಯಿ ಮಾತ್ರ ಸಮಾಧಾನದಿಂದ, "ಬಂತೇನ್ರಿ ವಿಡಿಯೊ?" ಎಂದು ಕೇಳುತ್ತಿದೆ. ಇದನ್ನು ಮೂರು ದಿನ ಎದುರಿಗೇ ನೋಡುತ್ತ, ಏನೂ ಆಗಿಲ್ಲವೆಂಬಂತೆ ನನಗೆ ಅನ್ನ ಬಡಿಸಿದ್ದರಲ್ಲ ಈ ಮನೆಯವರು, ಅದು ಸಣ್ಣ ಕೆಲಸವಾಗಿರಲಿಲ್ಲ ಎಂದು ಆಗ ತಿಳಿಯಿತು. ಅದೇ ದಿನ ಬಾಯಿಬಿಟ್ಟು, "ತಪ್ಪಾತ್ರಿ, ಬ್ಯಾಡಗ್ಯಾಗ ಹಂಗ ಬೈಬಾರದಿತ್ತು," ಅಂದೆ.

"ಬೈದದ್ದ ಚಲೋ ಆತು," ಅಂದರು. "ಇಲ್ಲಂದ್ರ ನಾ ಇನ್ನೊಂದ ವಾರ ಸುಮ್ನಿರತಿದ್ದೆ."

ನೆಟ್ ಹೌಸಿಗೆ ಹೋದದ್ದು ಮುಂದಿನ ಬೆಳೆಗೆ. ಅತ್ತೆ ಒಂದು ಗಿಡ ತೋರಿಸಿ, "ಹತ್ತ ಮೊಗ್ಗಿ ಮಾಡು, ನೋಡೂಣು," ಅಂದರು. ಕೆಲಸಕ್ಕೆ ಬಂದ ಹೆಂಗಸರೆಲ್ಲ ಕೈ ನಿಲ್ಲಿಸಿ ನಿಂತರು. ಆರು ಚೆನ್ನಾಗಿ ಬಂದವು. ನಾಲ್ಕು ಮುರಿದವು. ಅತ್ತೆ ಮುರಿದ ನಾಲ್ಕನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಸುಳ್ಳು ಹೊಗಳುವ ಜಾತಿಯವರಲ್ಲ ಅವರು.

"ಇದು ನಿನಗ ಇನ್ನ ಆಗೂದಿಲ್ಲವಾ. ಪರಾಗ ಹಚ್ಚೂದು ಮಾಡು. ಅದಕ್ಕ ಇಷ್ಟು ಕಣ್ಣು ಬೇಕಾಗಿಲ್ಲ."

ಆ ಮಾತು ಚುಚ್ಚಿತು. ಹದಿನಾರು ವರ್ಷದ ಕೈಗೆಲಸ ಒಂದು ಮಾತಿನಲ್ಲಿ ಮುಗಿಯಿತು. ಸಾಲಿನ ಕೊನೆಗೆ ಹೋಗಿ, ಯಾರಿಗೂ ಕಾಣದಂತೆ ಕಣ್ಣೀರು ಹಾಕಿದೆ. ಮರುದಿನ ಬೆಳಿಗ್ಗೆ ಪರಾಗದ ಡಬ್ಬಿ ಹಿಡಿದು ಸಾಲಿಗೆ ಇಳಿದೆ. ಈಗಲೂ ಅದನ್ನೇ ಮಾಡುತ್ತೇನೆ, ಎರಡು ತಾಸು. ಮೂರನೆಯ ತಾಸಿಗೆ ಹೂಗಳು ಜೋಡಿ ಜೋಡಿಯಾಗುತ್ತವೆ. ಆಗ ಡಬ್ಬಿ ಮುಚ್ಚಿ ಕೂತುಬಿಡುತ್ತೇನೆ. ಒಂದೊಂದು ದಿನ ಇದು ಮತ್ತೆ ಶುರುವಾಯಿತೇ ಎಂದು ಹೆದರುತ್ತೇನೆ. ಬರೀ ದಣಿವು ಎಂದು ತಿಳಿಯಲು ಒಂದು ನಿದ್ದೆ ಮಾಡಿ ಏಳಬೇಕು. ನಿದ್ದೆಯೇ ಬರುವುದಿಲ್ಲ. ನಿಮಗೂ ಹೀಗೆ ಆಗುತ್ತಿದ್ದರೆ, ಅದು ನಿಮಗೊಬ್ಬರಿಗೇ ಅಲ್ಲ ಎಂದು ಹೇಳಬಲ್ಲೆ. ಬೇರೆ ಉಪಾಯ ನನಗೂ ಸಿಕ್ಕಿಲ್ಲ.

ಆರಾರು ತಿಂಗಳ ಹುಡುಕಾಟ ನಡೆದೇ ಇತ್ತು. ಪ್ರತಿ ಸಲ ಹೊರಡುವ ವಾರ ನನಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಪಾತ್ರೆ ತೊಳೆದದ್ದನ್ನೇ ತೊಳೆಯುತ್ತಿದ್ದೆ. ಹೋದ ತಿಂಗಳು ಕೊನೆಯ ಸ್ಕ್ಯಾನು. ಬಿತ್ತನೆಯ ಕಾಲವಾದ್ದರಿಂದ ನಮ್ಮ ಮನೆಯವರಿಗೆ ಬರಲಾಗಲಿಲ್ಲ. ನಾನು ಮತ್ತು ಅತ್ತೆ ಹೋದೆವು. ಡಾಕ್ಟರು ವರದಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ತಲೆಯೆತ್ತಿ, "ಇಲ್ಲ ಗಿರಿಜಾ," ಅಂದರು. ನಾನು ಕಾಯ್ದೆ, ಆ 'ಸದ್ಯಕ್ಕ' ಎಂಬ ಶಬ್ದಕ್ಕೆ. ಅವರು ಅದನ್ನು ಹೇಳಲಿಲ್ಲ. ಕಡತ ಮುಚ್ಚಿದರು.

ವಾಪಸು ರೈಲಿನಲ್ಲಿ ಬಂದೆವು. ಅತ್ತೆ ಕಿಟಕಿಯ ಪಕ್ಕ, ನಾನು ಅವರ ಎದುರಿಗೆ. ಹಾವೇರಿ ದಾಟಿತು. ಸಂತೋಷವಾಗಬೇಕಿತ್ತು, ಆಗಿತ್ತು ಕೂಡ. ಆದರೂ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದೆ. ಎರಡು ವರ್ಷ ಕಾಯುವುದನ್ನೇ ಕಲಿತ ಮೈಗೆ ಕಾಯಲು ಏನೂ ಇಲ್ಲವೆಂದರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಸುಮ್ಮನೆ ಅತ್ತೆಯ ಮುಖ ನೋಡಿದೆ. ಅವರು ಹೊರಗೆ ಓಡುವ ಹೊಲಗಳನ್ನು ನೋಡುತ್ತಿದ್ದರು. ಅವರ ಕಣ್ಣಿನ ಗುಡ್ಡೆಗಳು ಒಂದು ಗಿಡದ ಹಿಂದೆ ಸರಸರ ಸರಿದು, ಥಟ್ಟನೆ ಹಿಂದಕ್ಕೆ ಹಾರಿ, ಇನ್ನೊಂದು ಗಿಡ ಹಿಡಿದು, ಮತ್ತೆ ಹಾರುತ್ತಿದ್ದವು. ಎಡೆಬಿಡದೆ.

ಒಂದು ಕ್ಷಣ ಹೆದರಿದೆ. ಪಕ್ಕದ ಕಿಟಕಿಯಲ್ಲಿ ಕೂತಿದ್ದ ಗಂಡಸಿನ ಕಣ್ಣು ನೋಡಿದೆ. ಅವರದೂ ಹಾಗೆಯೇ. ಅವರಾಚೆ ಕೂತ ಹುಡುಗಿಯದೂ. ಕಿಟಕಿಯಾಚೆ ನೋಡುತ್ತಿದ್ದ ಅಷ್ಟೂ ಮಂದಿಯ ಕಣ್ಣು ಕುಣಿಯುತ್ತಿದ್ದವು, ಯಾರಿಗೂ ಅದರ ಸುದ್ದಿಯೇ ಇರಲಿಲ್ಲ. ನನಗೆ ನಗು ಬಂತು.

"ಯಾಕ ನಗತಿ?" ಎಂದರು ಅತ್ತೆ.

"ಅತ್ತೀ, ನಿಮ್ಮ ಕಣ್ಣು ಕುಣ್ಯಾಕತ್ತಾವ್ರಿ."

ಅವರು ಗಾಬರಿಯಾಗಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡರು. "ಅಯ್ಯ ಶಿವನ! ನನಗೂ ಬಂತೇನ?"

"ಇಲ್ರಿ. ಓಡೂ ಗಾಡ್ಯಾಗ ಕುಂತವ್ರದು ಎಲ್ಲಾರದೂ ಕುಣೀತಾವು. ನೋಡ್ರಿ ಬೇಕಾದ್ರ."

ಅವರು ಬೆರಳ ಸಂದಿಯಿಂದ ಮೊದಲು ನನ್ನನ್ನು ನೋಡಿದರು, ಆಮೇಲೆ ಪಕ್ಕದವರನ್ನು. ಬಹಳ ಹೊತ್ತು ನೋಡಿದರು. ಆ ಗಂಡಸು ಮುಜುಗರದಿಂದ ಪೇಪರು ಬಿಡಿಸಿಕೊಂಡ. ಅತ್ತೆ ಕೈ ಕೆಳಗಿಳಿಸಿ, ನನ್ನ ಕಡೆ ಬಗ್ಗಿ, ಬೋಗಿಯಲ್ಲಿದ್ದವರಿಗೆಲ್ಲ ಕೇಳುವಂಥ ಪಿಸುಮಾತಿನಲ್ಲಿ ಹೇಳಿದರು.

"ಇವ್ರಿಗೆ ಇವ್ರ ಮನಿಯವ್ರು ಯಾರೂ ಹೇಳಿಲ್ಲೇನು ಪಾಪ?"

ಬ್ಯಾಡಗಿ ಸ್ಟೇಷನ್ನು ಬರುವವರೆಗೂ ನಾವಿಬ್ಬರೂ ನಗುತ್ತಲೇ ಇದ್ದೆವು. ಅಲ್ಲಿ ಪೂಜಾ ತನ್ನ ಮಗುವನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದಳು. ವರದಿ ಏನಾಯಿತೆಂದು ಫೋನಿನಲ್ಲಿ ಕೇಳಲು ಅವಳಿಗೆ ಧೈರ್ಯವಾಗಿರಲಿಲ್ಲವಂತೆ. ಗಾಡಿ ನಿಲ್ಲುವುದು ಎರಡೇ ನಿಮಿಷ. ನಾನು ಬಾಗಿಲಿಗೆ ಓಡಿದೆ.